ನನ್ನ ಕಥೆಯ ಮದ್ದಿನ ಬಳ್ಳಿ ಎಲ್ಲಾ ಗಾಯನೂ ವಾಸಿ ಮಾಡ್ತಿದೆ, ಕಥೆಗೆ ಜೀವ ಇಲ್ಲ. ಎಂತ ಮಾಡೋದು?

ಬೇಣದಮನೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೀತಾ ಇದೀನಿ, ಪೂರ್ತಿ ಕನ್ನಡದಲ್ಲೇ, ಈಗ ಹನ್ನೊಂದನೇ ಅಧ್ಯಾಯಕ್ಕೆ ಬಂದು ಸಿಕ್ಕಿಹಾಕಿಕೊಂಡಿದೀನಿ.

ಕಥೆ ನಡೆಯೋದು ಮಳೆಸೀಮೆ ಅನ್ನೋ ದೇಶದಲ್ಲಿ. ವರ್ಷಕ್ಕೆ ಒಂಬತ್ತು ತಿಂಗಳು ಮಳೆ, ಉಳಿದ ಮೂರು ತಿಂಗಳು ಮಂಜು, ಬಿಸಿಲು ಬಿದ್ದ ದಿನ ಅಲ್ಲಿ ಹಬ್ಬ. ಜನ ಮಕ್ಕಳಿಗೆ ಮರದ ಹೆಸರೇ ಇಡೋದು, ನನ್ನ ನಾಯಕಿ ಹೊನ್ನೆ, ಅವಳ ತಮ್ಮ ಮತ್ತಿ. ಆ ದೇಶದ ನಡುಗಾಡಲ್ಲಿ ಅಮರಲತೆ ಅಂತ ಒಂದು ಬಳ್ಳಿ. ರಾತ್ರಿ ಆದ್ರೆ ಎಲೆಯ ನರ ನರನೂ ಹಸಿರು ಬೆಳಕು ಬೀರತ್ತೆ, ಅರೆದು ಹಚ್ಚಿದ್ರೆ ಎಂಥ ಗಾಯ ಇದ್ರೂ ಬೆಳಗಾಗೋದ್ರೊಳಗೆ ಕೂಡಿಕೊಳ್ಳತ್ತೆ, ಬೇರು ತೇಯ್ದು ಕುಡಿಸಿದ್ರೆ ವಿಷ ಇಳಿಯತ್ತೆ, ಜ್ವರ ಬಿಡತ್ತೆ, ಮುದುಕರಿಗೆ ಕಣ್ಣು ಮತ್ತೆ ಕಾಣತ್ತೆ. ಮೊದಲ ಅಧ್ಯಾಯ ಬರೆಯುವಾಗ ಇದನ್ನೆಲ್ಲಾ ಬಹಳ ಖುಷಿಯಿಂದ ಬರೆದಿದ್ದೆ. ಈಗ ಹನ್ನೊಂದರಲ್ಲಿ ಮತ್ತಿಗೆ ಹೊಟ್ಟೆಗೆ ಭರ್ಜಿ ತಾಗತ್ತೆ, ಅದು ಇಡೀ ಕಥೆಯ ನಡುಗಂಬ ಆಗಬೇಕಾದ ಜಾಗ. ಓದಿ ನೋಡು ಅಂತ ದೋಸ್ತನಿಗೆ ಕೊಟ್ಟೆ, ಅವ ಓದಿ ಹೇಳಿದ, "ನಂಗೆ ಹೆದರಿಕೆನೇ ಆಗ್ಲಿಲ್ಲ, ಹೇಗೂ ಬಳ್ಳಿ ಇದ್ಯಲ್ಲ." ಆ ಮಾತು ಕೇಳಿ ಎರಡು ದಿನ ಏನೂ ಬರೆಯೋಕೆ ಆಗ್ಲಿಲ್ಲ.

ಬಳ್ಳಿನೇ ತೆಗೆದುಹಾಕು ಅಂತ ಕೆಲವರು ಹೇಳಿದ್ರು. ನಂಗೆ ಮನಸ್ಸಿಲ್ಲ. ಈ ಕಥೆ ಹುಟ್ಟಿದ್ದೇ ಬಳ್ಳಿಯಿಂದ. ನಮ್ಮನೆ ಅಮ್ಮಮ್ಮ ತೋಟದ ಕಾಲುವೆ ಬದಿಲಿ ಕೂತು ಒಂದೆಲಗ ಕೊಯ್ಯೋಳು, ಹೆಬ್ಬೆರಳ ಉಗುರಲ್ಲಿ ದಂಟು ಚಿವುಟಿ, ಬೇರು ಕೀಳದೆ, ಒಂದು ಬುಡದಿಂದ ಎರಡೋ ಮೂರೋ ಎಲೆ ಮಾತ್ರ. ತಂಬುಳಿಗೆ ಒಂದು ಮುಷ್ಟಿ ಸಾಕು. ಜಾಸ್ತಿ ಕೊಯ್ದ್ರೆ ಕೈಮೇಲೆ ಹೊಡೆಯೋಳು. ಆ ಕೈ ನೆನಪಾಗಿಯೇ ನಾನು ಬರೆಯೋಕೆ ಶುರು ಮಾಡಿದ್ದು.

ಹಾಗಾಗಿ ಕೇಳೋದು ಇಷ್ಟು. ಮಾಯದ ಗಿಡಕ್ಕೆ ಮಿತಿ ಹಾಕೋದು ಹೇಗೆ, ಅದೂ ನಾನು ಕಥೆಗೆ ಬೇಕು ಅಂತ ತಂದು ಅಂಟಿಸಿದ ಹಾಗೆ ಕಾಣಬಾರದು. ಕಾಡು, ಗಿಡ ಗೊತ್ತಿದ್ದವರು ಇಲ್ಲಿ ಇದ್ದೀರಿ, ದಯವಿಟ್ಟು ಹೇಳಿ.


ಕಾನಕ್ಕ (ಸಿದ್ದಾಪುರ):

ತಮ್ಮಾ, ಬಳ್ಳಿ ತೆಗಿಬೇಡ. ಬಳ್ಳಿಗೆ ಇನ್ನೂ ಒಂದು ಊರಿಲ್ಲ, ತೊಂದರೆ ಅದು. "ನಡುಗಾಡಲ್ಲಿ" ಅಂತ ಬರ್ದಿದೀಯಲ್ಲ, ಕಾಡಲ್ಲಿ ನಡು ಅಂತ ಒಂದೇ ಜಾಗ ಇರಲ್ಲ. ಹುಲ್ಲಿನ ಬೇಣ ಬೇರೆ, ದಟ್ಟ ಕಾಡಿನ ಕಾನು ಬೇರೆ, ಹಳ್ಳದ ದಂಡೆ ಬೇರೆ, ಜೌಗು ನೆಲದ ಜಡ್ಡಿ ಬೇರೆ. ಒಂದೊಂದು ಗಿಡ ಒಂದೊಂದು ಕಡೆಗೇ ಕಚ್ಚಿಕೊಂಡಿರತ್ತೆ.

ನಾನು ಫಾರೆಸ್ಟ್ರಿ ಓದಿದ್ದು, ಓದುವಾಗ ನಮ್ಮನ್ನ ಕತ್ತಲೆಕಾನು ಅನ್ನೋ ಕಾಡಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ರಾಮಪತ್ರೆ, ಅಂದ್ರೆ ಕಾಡು ಜಾಯಿಕಾಯಿ ಮರಗಳ ಜಡ್ಡಿ ಇದೆ, ನೀ ಒಂದ್ಸಲ ನೋಡು, ನಿನ್ನ ಮಳೆಸೀಮೆ ಅಲ್ಲೇ ಇದೆ. ಬೇಸಿಗೆಲೂ ನೆಲದಲ್ಲಿ ನೀರು ಜಿನುಗ್ತಾ ಇರತ್ತೆ, ಕಾಲಿಟ್ಟರೆ ಮೊಣಕಾಲವರೆಗೂ ಕೆಸರು, ಆ ಕೆಸರಿನೊಳಗಿಂದ ಮರದ ಬೇರು ಮೇಲೆದ್ದು ಮಂಡಿ ಮಡಚಿ ಕೂತ ಹಾಗೆ ಬಾಗಿ ಮತ್ತೆ ಕೆಳಗೆ ಹೋಗಿರತ್ತೆ. ನೀರಿನೊಳಗೆ ಬೇರಿಗೆ ಉಸಿರು ಸಿಗಲ್ಲ, ಅದಕ್ಕೆ ಮಂಡಿ ಹೊರಗೆ ಹಾಕಿ ಉಸಿರಾಡ್ತಾವೆ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಸಂಜೆ ಹೊತ್ತಿನ ಬೆಳಕು. ಮೇಲೆ ಸಿಂಗಳೀಕ ಕೂಗ್ತಿರತ್ತೆ. ನಾವು ಹದಿನೈದು ಜನ ಹುಡುಗ್ರು ಹುಡುಗೀರು ಮಾತಾಡೋದೇ ನಿಲ್ಲಿಸಿಬಿಟ್ಟಿದ್ವಿ. ಯಾರೂ ಸುಮ್ನಿರಿ ಅಂತ ಹೇಳಿರಲಿಲ್ಲ.

ಈಗ ನಿನ್ನ ಮಿತಿ ವಿಷಯ. ಜಡ್ಡಿ ಮರಗಳ ಬೀಜ ಇದ್ಯಲ್ಲ, ಅದನ್ನ ಭತ್ತದ ಹಾಗೆ ಒಣಗಿಸಿ ಕಣಜಕ್ಕೆ ತುಂಬೋಕೆ ಆಗಲ್ಲ. ಒಣಗಿದ್ರೆ ಸತ್ತೋಯ್ತು. ಬಿದ್ದ ಕೂಡಲೇ ಒದ್ದೆ ನೆಲದಲ್ಲಿ ಮೊಳಕೆ ಬರಬೇಕು. ನಿನ್ನ ಬಳ್ಳಿಗೂ ಹಾಗೇ ಮಾಡು, ಕೊಯ್ದ ಎಲೆ ಕೈಯಲ್ಲಿ ಬಾಡೋದ್ರೊಳಗೆ ಹಚ್ಚಬೇಕು, ಒಣಗಿಸಿ ಡಬ್ಬಿಲಿ ಇಟ್ಟರೆ ಬರೀ ಕಸ. ಅಷ್ಟು ಮಾಡಿದ್ರೆ ಸಾಕು, ಕಥೆ ಬದಲಾಗತ್ತೆ. ಮದ್ದು ರೋಗಿ ಹತ್ರ ಬರಲ್ಲ, ರೋಗಿನೇ ಮದ್ದಿನ ಹತ್ರ ಹೋಗಬೇಕು. ಹೊಟ್ಟೆಗೆ ಭರ್ಜಿ ತಾಗಿದ ತಮ್ಮನ್ನ ಹೊನ್ನೆ ಮಳೆಲಿ ಹೊತ್ಕೊಂಡು ಹೋಗಬೇಕು. ಎಷ್ಟು ದೂರ? ಹೊಳೆ ಎಷ್ಟು ದಾಟಬೇಕು? ಹೆದರಿಕೆ ಅಲ್ಲಿಂದ ಬರತ್ತೆ.

ಇನ್ನೊಂದು. ರಾಮಪತ್ರೆಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸಸಿ ನೋಡಿ ಯಾರಿಗೂ ಹೇಳೋಕೆ ಬರಲ್ಲ, ವರ್ಷಗಟ್ಟಲೆ ಸಾಕಿ ಹೂ ಬಿಟ್ಟ ಮೇಲೇ ಗೊತ್ತಾಗೋದು, ಅದಕ್ಕೇ ನಮ್ಮ ಕಡೆ ಕಾಯಿ ಬೇಕಾದವರು ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟೋದು. ನಿನ್ನ ಬಳ್ಳಿಲಿ ಹೆಣ್ಣು ಗಾಯ ಕೂಡಿಸತ್ತೆ, ಗಂಡು ನೋವು ಮಾತ್ರ ಮರೆಸತ್ತೆ ಅಂತ ಇಟ್ಟರೆ? ನೋವು ಹೋಯ್ತು, ವಾಸಿ ಆಯ್ತು ಅಂತ ರೋಗಿ ಎದ್ದು ಓಡಾಡ್ತಾನೆ, ಒಳಗೆ ಗಾಯ ಹಾಗೇ ಇರತ್ತೆ. ಹೂ ಇಲ್ಲದ ತಿಂಗಳಲ್ಲಿ ಹೊನ್ನೆಗೆ ಯಾವುದು ಕೊಯ್ದೆ ಅಂತಲೇ ಗೊತ್ತಾಗಬಾರದು.


ಕಾಳಿಸಂಗಮ (ಕಾರವಾರ):

ಬೆಳಕಿನ ಬಗ್ಗೆ ಒಂದು ಮಾತು, ಯಾಕಂದ್ರೆ ನಿಮ್ಮ ಬಳ್ಳಿಲಿ ನಂಗೆ ಬಹಳ ಹಿಡಿಸಿದ್ದು ಅದೇ.

ನಮ್ಮ ಕಡೆ ಕೆಲವು ವರ್ಷ ರಾತ್ರಿ ಕಡಲು ನೀಲಿಯಾಗಿ ಹೊಳೆಯತ್ತೆ. ನಾಕ್ಟಿಲುಕಾ ಅನ್ನೋ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿ. ಸುಮ್ನೆ ನಿಂತ ನೀರಲ್ಲಿ ಏನೂ ಕಾಣಲ್ಲ. ಅಲೆ ಒಡೆದಾಗ, ದೋಣಿ ಸೀಳಿಕೊಂಡು ಹೋದಾಗ, ಕೈಯಾಡಿಸಿದಾಗ ಮಾತ್ರ ಫಳ್ ಅಂತ ಬೆಳಗತ್ತೆ. ನಾನು ಒಂದು ರಾತ್ರಿ ಒದ್ದೆ ಮರಳ ಮೇಲೆ ನಡೆದೆ, ಹೆಜ್ಜೆ ಇಟ್ಟ ಕಡೆ ಅರೆಕ್ಷಣ ಬೆಳಕು, ಕಾಲು ಎತ್ತಿದ್ರೆ ಕತ್ತಲೆ. ಅದೇ ಘಟ್ಟದ ಕಾಡಲ್ಲಿ ಮಳೆಗಾಲಕ್ಕೆ ಕೊಳೆತ ಕಟ್ಟಿಗೆ ಮೇಲೆ ಹೊಳೆಯೋ ಅಣಬೆ ಇದ್ಯಲ್ಲ, ಅದರ ಬೆಳಕು ಬೇರೆ ಥರ. ಮುಟ್ಟಲಿ ಬಿಡಲಿ ತಣ್ಣಗೆ ಹಸಿರಾಗಿ ಉರೀತಾನೇ ಇರತ್ತೆ.

ನಿಮ್ಮ ಬಳ್ಳಿಯ ಬೆಳಕು ಇದರಲ್ಲಿ ಯಾವುದು? ಬೆಳಕು ಬಳ್ಳಿದೇ ಅಲ್ಲ, ಅದರ ಮೈಯಲ್ಲಿ ಸಂಸಾರ ಹೂಡಿದ ಒಂದು ಅಣಬೆದು ಅಂತ ಮಾಡಿದ್ರೆ ಹೇಗೆ? ಸೀತಾಳೆ ದಂಡೆ ಥರದ ಆರ್ಕಿಡ್ ಬೀಜ ಅಣಬೆಯ ಜೊತೆ ಇಲ್ಲದೆ ಕಾಡಲ್ಲಿ ಮೊಳೆಯೋದೇ ಇಲ್ಲ, ಶ್ರೀಗಂಧಕ್ಕೂ ಪಕ್ಕದಲ್ಲಿ ಇನ್ನೊಂದು ಗಿಡದ ಬೇರು ಬೇಕು. ಹಾಗೆ ಮಾಯ ಇರೋದು ಬಳ್ಳಿಲೂ ಅಲ್ಲ ಅಣಬೆಲೂ ಅಲ್ಲ, ಎರಡೂ ಕೂಡಿದ ಕಡೆ. ಅರಮನೆಯವರು ಬಳ್ಳಿ ಕಿತ್ತು ತಂದು ಬಂಗಾರದ ಕುಂಡದಲ್ಲಿ ನೆಟ್ಟರೆ ಅದು ಸಾಯಲ್ಲ, ಹಸಿರಾಗೇ ಇರತ್ತೆ, ಎಲೆನೂ ಬಿಡತ್ತೆ. ಬೆಳಕು ಮಾತ್ರ ಇರಲ್ಲ.

ಒಂದು ಗಾಯ ವಾಸಿ ಮಾಡಿದ್ರೆ ಬಳ್ಳಿಯ ಒಂದು ಮಾರು ಉದ್ದ ಕತ್ತಲಾಗತ್ತೆ ಅಂತನೂ ಇಡಬಹುದು, ಮತ್ತೆ ಬೆಳಗೋಕೆ ಹನ್ನೆರಡು ವರ್ಷ. ಆಗ ಕಾಡು ನೋಡಿದ್ರೇ ಗೊತ್ತಾಗತ್ತೆ ಎಷ್ಟು ಜನ ಬದುಕಿದ್ರು ಅಂತ.


ಗಜನಿಬದಿ (ಕುಮಟಾ):

ಹನ್ನೆರಡು ವರ್ಷ ಬಹಳ ಚಂದ ಆಯ್ತು ಕಾರವಾರದವ್ರೇ. ನೀಲಕುರಿಂಜಿ ಹಂಗೇ ಅಲ್ವಾ, 12 ವರ್ಷಕ್ಕೆ ಒಂದ್ಸಲ ಗುಡ್ಡ ತುಂಬಾ ಹೂ ಬಿಟ್ಟು, ಬೀಜ ಉದುರಿಸಿ ಒಣಗೋಗ್ತದೆ.

ಬೇಣದಮನೆಯವ್ರೇ, ನಂದು ಹೆಸರಿನ ಬಗ್ಗೆ ತಕರಾರು. ಅಮರಲತೆ ಅಂತ ಹಳ್ಳಿಯವ್ರು ಯಾರೂ ಕರೆಯೋದಿಲ್ಲ ಮಾರಾಯ್ರೆ. ಅದು ಪಂಡಿತರ ಬಾಯಿ. ನಮ್ಮಲ್ಲಿ ಗಿಡದ ಹೆಸರು ಹೇಗೆ ಹುಟ್ಟಿದೆ ನೋಡಿ, ಒಂದೇ ಎಲೆ ಅದಕ್ಕೆ ಒಂದೆಲಗ, ನೆಲಕ್ಕೆ ಅಂಟಿ ಎಲೆಯ ಅಡಿಗೆ ಸಣ್ಣ ನೆಲ್ಲಿ ಬಿಡ್ತದೆ ಅದಕ್ಕೆ ನೆಲನೆಲ್ಲಿ, ಮುಟ್ಟಿದ್ರೆ ಮುನಿಸಿಕೊಳ್ತದೆ ಅದಕ್ಕೆ ಮುಟ್ಟಿದರೆ ಮುನಿ. ಕಣ್ಣಲ್ಲಿ ಕಂಡದ್ದು, ಕೈಗೆ ಸಿಕ್ಕಿದ್ದು. ಮತ್ತೆ ಒಂದೇ ಹಣ್ಣು ಶಿರಸಿಲಿ ಮುರುಗಲು, ಮಂಗಳೂರು ಕಡೆ ಪುನರ್ಪುಳಿ, ಕಾರವಾರದ ಕೊಂಕಣಿ ಮನೆಲಿ ಭಿರಿಂಡ. ನಿಮ್ಮ ಬಳ್ಳಿಗೂ ಮೂರು ಹೆಸರು ಇರ್ಲಿ. ಅರಮನೆ ವೈದ್ಯರು ಅಮರಲತೆ ಅನ್ಲಿ, ವ್ಯಾಪಾರಿಗಳು ಬೆಳ್ಳಿಹುರಿ ಅನ್ಲಿ, ಕಾಡಿನ ಜನ ಏನಂತಾರೆ ಅನ್ನೋದು ಕಥೆಲಿ ಬಹಳ ತಡವಾಗಿ ಗೊತ್ತಾಗ್ಲಿ. ರಾತ್ರಿ ಹೊತ್ತು ಅವ್ರು ಹೆಸರೇ ಎತ್ತೋದಿಲ್ಲ ಅಂತ ಇಡಿ, ನಾವು ರಾತ್ರಿ ಹಾವಿಗೆ ಹುಳ ಅಂತೇವಲ್ಲ ಹಂಗೆ.

ಕೊಯ್ಯುವ ಕ್ರಮವೂ ಬೇಕು. ತುಳುನಾಡಲ್ಲಿ ಆಟಿ ಅಮಾಸೆಗೆ ಹಾಲೆ ಮರದ ಕೆತ್ತೆ, ಅಂದ್ರೆ ತೊಗಟೆ, ಅದರ ಕಷಾಯ ಕುಡೀತಾರೆ, ನನ್ನ ಹೆಂಡತಿ ತವರು ಆ ಕಡೆ, ಹಾಗಾಗಿ ನಾ ಕಂಡಿದ್ದೇನೆ. ಸೂರ್ಯ ಹುಟ್ಟೋದ್ರೊಳಗೆ ಹೋಗಬೇಕು, ಕತ್ತಿ ಕಬ್ಬಿಣ ತಾಗಿಸಬಾರ್ದು, ಕಲ್ಲಲ್ಲೇ ಜಜ್ಜಿ ಕೆತ್ತೆ ಎಬ್ಬಿಸಬೇಕು. ಮನೆಗೆ ತಂದು ಅರೆದು ಹಿಂಡಿ, ಬೆಣಚುಕಲ್ಲು ಕೆಂಪಗೆ ಕಾಯಿಸಿ ಆ ರಸಕ್ಕೆ ಹಾಕ್ತಾರೆ, ಚೊರ್ರ್ ಅಂತದೆ, ಇಡೀ ಅಡುಗೆಮನೆ ಬೆಳ್ಳುಳ್ಳಿ ಓಮದ ವಾಸನೆ. ನಮ್ಮ ಮಾವ ಹಿಂದಿನ ದಿನ ಸಂಜೆನೇ ಹೋಗಿ ಮರ ಗುರುತು ಮಾಡಿ ಬರ್ತಾರೆ. ಒಂದು ವರ್ಷ ನಾನೂ ಜೊತೆಗೆ ಹೋದೆ, ಬರೀ ಶಾಸ್ತ್ರ ಅಂದ್ಕೊಂಡಿದ್ದೆ. ಅವ್ರು ಮರದ ಬುಡಕ್ಕೆ ನೂಲು ಕಟ್ತಾ ಹೇಳಿದ್ರು, "ಬೆಳಿಗ್ಗೆ ಕತ್ತಲೆಲಿ ಕೈ ತಪ್ಪಿ ವಿಷದ ಕಾಸರಕ ಮರದ ಕೆತ್ತೆ ತಂದ್ರೆ ಮನೆಮಂದಿ ಎಲ್ಲಾ ಹೋಗ್ತದೆ." ಅಂದ್ರೆ ಆ ನೂಲಿಗೆ ಒಂದು ಜೀವದ ಲೆಕ್ಕ ಇದೆ. ನಿಮ್ಮ ಕಥೆಲಿ ಎಷ್ಟು ಬೇಕಾದ್ರೂ ಮಂತ್ರ ಇಡಿ, ಒಂದೊಂದು ಕ್ರಮದ ಹಿಂದೆ ಹಂಗೆ ಯಾರೋ ಒಮ್ಮೆ ಕಂಡ ಸಾವು ಇರ್ಲಿ.


ಉಪ್ಪಗೆಅಟ್ಟ (ಯಲ್ಲಾಪುರ):

ಎಲ್ಲರೂ ಗಿಡದ ಬಗ್ಗೆ ಹೇಳಿದ್ರಿ, ನಾನು ಗಿಡಕ್ಕೆ ರೇಟು ಬಂದಾಗ ಏನಾಗತ್ತೆ ಅಂತ ಹೇಳ್ತೀನಿ.

ಉಪ್ಪಗೆ ಗೊತ್ತಲ್ಲ, ನಮ್ಮ ಕಾಡಿನ ಹುಳಿ ಹಣ್ಣು. ನಮ್ಮಜ್ಜನ ಕಾಲದಲ್ಲಿ ಅದು ಮನೆ ಬಳಕೆಗೆ, ಸಿಪ್ಪೆ ಹುಳಿಗೆ, ಬೀಜದ ತುಪ್ಪ ದೋಸೆಗೆ. 1990ರ ದಶಕದಲ್ಲಿ ಇದರ ಸಿಪ್ಪೆಯ ಸತ್ವ ಬೊಜ್ಜು ಕರಗಿಸತ್ತೆ ಅಂತ ಹೊರದೇಶದಲ್ಲಿ ಸುದ್ದಿ ಎದ್ದಿತು, ಇಲ್ಲಿ ರೇಟು ಏರಿತು. ಹಣ್ಣಾಗಿ ಬೀಳೋವರೆಗೆ ಕಾಯೋರು ಯಾರು? ನಾ ಮೊದಲು ಕೊಯ್ದಿಲ್ಲ ಅಂದ್ರೆ ಇನ್ನೊಬ್ಬ ಕೊಯ್ತಾನೆ ಅಂತ ಎಳೆಕಾಯಿಗೇ ಕೈ ಹಾಕಿದ್ರು, ಕೈಗೆ ಸಿಗದ ಕಡೆ ಟೊಂಗೆನೇ ಕಡಿದ್ರು. ಮಳೆಗಾಲದ ಬೆಳೆ, ಒಣಗಿಸೋಕೆ ಬಿಸಿಲಿಲ್ಲ, ಅಟ್ಟದ ಮೇಲೆ ಹರಡಿ ಕೆಳಗೆ ಹಗಲೂ ರಾತ್ರಿ ಬೆಂಕಿ ಹಾಕಬೇಕು, ಅದಕ್ಕೆ ಗಾಡಿಗಟ್ಟಲೆ ಕಟ್ಟಿಗೆ, ಅದೂ ಅದೇ ಕಾಡಿಂದು. ನಾನಾಗ ಸಣ್ಣವ, ಮನೆಮಂದಿ ಎಲ್ಲಾ ಕೂತು ಹಣ್ಣು ಬಿಡಿಸ್ತಿದ್ವಿ, ಬೆರಳ ಸಂದಿ ಹುಳಿಗೆ ಬೆಳ್ಳಗಾಗಿ ಉರಿಯೋದು, ಹೊಗೆಗೆ ಕಣ್ಣು ಬಿಡೋಕೆ ಆಗ್ತಿರಲಿಲ್ಲ. ಸಣ್ಣಜ್ಜ ಜಾರೋ ಮರ ಹತ್ತಿ ಬಿದ್ದು ಸೊಂಟ ಮುರ್ಕೊಂಡವ ಮತ್ತೆ ನೆಟ್ಟಗೆ ನಡೀಲೇ ಇಲ್ಲ.

1998ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಲಿ ಪ್ರಯೋಗದ ಫಲಿತಾಂಶ ಬಂತು. 135 ಜನ, 12 ವಾರ, ಅರ್ಧ ಜನಕ್ಕೆ ಉಪ್ಪಗೆ ಸತ್ವ, ಅರ್ಧ ಜನಕ್ಕೆ ಏನೂ ಇಲ್ಲದ ಮಾತ್ರೆ. ತೂಕ ಇಳಿಸೋದ್ರಲ್ಲಿ ಎರಡಕ್ಕೂ ಹೇಳಿಕೊಳ್ಳೋ ಫರಕು ಕಾಣ್ಲಿಲ್ಲ. ಟೊಂಗೆ ಕಡಿದ ಮರಕ್ಕೆ ಆ ಸುದ್ದಿ ಮುಟ್ಟಿ ಏನಾಗಬೇಕು ಹೇಳಿ.

ನಿಮ್ಮ ಮಳೆಸೀಮೆಲಿ ವ್ಯಾಪಾರಿಗಳು ಇದಾರಾ? ಇದ್ದೇ ಇರ್ತಾರೆ. ಒಣಗಿದ ಎಲೆಗೆ ಗುಣ ಇಲ್ಲ ಅಂತ ಕಾನಕ್ಕ ಹೇಳಿದ್ರು. ನಾನು ಹೇಳೋದು, ಗುಣ ಇಲ್ಲದಿದ್ರೂ ಅದು ಮಾರಾಟ ಆಗತ್ತೆ. ದೂರದ ಊರಿನವರಿಗೆ ಗೊತ್ತಾಗಲ್ಲ. ಕಾಡಿಗೆ ಕಾಡೇ ಕತ್ತಲಾಗ್ತಾ ಹೋಗೋದು ಗಾಯ ವಾಸಿ ಆಗಿದ್ದಕ್ಕಲ್ಲ, ಮೂಟೆ ಕಟ್ಟಿದ್ದಕ್ಕೆ. ಹೊನ್ನೆ ತಮ್ಮನ್ನ ಹೊತ್ಕೊಂಡು ಹೋಗಿ ಮುಟ್ಟಿದಾಗ ಜಡ್ಡಿಲಿ ಬೆಳಕು ಎಷ್ಟು ಉಳಿದಿರತ್ತೆ ಅನ್ನೋದು ನಿಮ್ಮ ಹನ್ನೊಂದನೇ ಅಧ್ಯಾಯ.


ಶರಾವತಿಮೆಡಿಕಲ್ (ಹೊನ್ನಾವರ):

ಮೆಡಿಕಲ್ ಅಂಗಡಿ ನಂದು, ಭಾನುವಾರ ಸಂಜೆ ನಾಲ್ಕೈದು ಜನ ಸೇರಿ ದಾಳ ಹಾಕಿ ಆಡೋ ಫ್ಯಾಂಟಸಿ ಆಟ ಆಡ್ತೀವಿ, ಕಥೆ ನಡೆಸೋನು ನಾನೇ. ನಿಮ್ಮ ತೊಂದ್ರೆ ನಮ್ಮ ಆಟದಲ್ಲೂ ಬಂದಿತ್ತು, ವಾಸಿ ಮಾಡೋ ಮದ್ದು ಜೇಬಲ್ಲಿ ಹತ್ತು ಶೀಸೆ ಇದ್ರೆ ಯಾವ ಹುಡುಗನೂ ಯಾವುದಕ್ಕೂ ಹೆದರಲ್ಲ. ನಾನು ಮಾಡಿದ್ದು ಪ್ರಮಾಣ ತಂದಿದ್ದು. ಗೌರಿಹೂ ನೋಡಿದೀರಲ್ಲ, ಚೌತಿಗೆ ಫಲಾವಳಿಗೆ ಕಟ್ತೀವಿ, ಬೆಂಕಿ ಹಾಗೆ ಕೆಂಪು ಹಳದಿ. ಅದರ ಗಡ್ಡೆ, ಬೀಜದಲ್ಲಿ ಕಾಲ್ಚಿಸಿನ್ ಇದೆ. ಅದೇ ಕಾಲ್ಚಿಸಿನ್ ನನ್ನ ಅಂಗಡಿಲಿ 0.5 ಮಿಲಿಗ್ರಾಂ ಮಾತ್ರೆ, ಹೆಬ್ಬೆರಳು ಊದಿ ನಿದ್ದೆ ಬಾರದೆ ಒದ್ದಾಡೋ ಗೌಟ್ ರೋಗಿಗೆ ಡಾಕ್ಟರು ಬರೀತಾರೆ. ಗಡ್ಡೆ ತಿಂದವ ಸಾಯ್ತಾನೆ. ಮದ್ದಿಗೂ ವಿಷಕ್ಕೂ ನಡುವಿನ ಜಾಗ ಅಷ್ಟು ಸಣ್ಣದು. ಕಾಸರಕನೂ ಹಾಗೇ, ಅದರ ಬೀಜದ ವಿಷ ಏರಿದವನಿಗೆ ಒಂದು ಬಾಗಿಲು ತೆಗೆದ ಸದ್ದಾದ್ರೂ ಸಾಕು, ಮೈ ಬಿಲ್ಲಿನ ಹಾಗೆ ಸೆಟೆದುಕೊಳ್ಳತ್ತೆ. ಅದೇ ಮರದ ಹಣ್ಣಿನ ತಿರುಳನ್ನ ದಾಂಡೇಲಿ ಕಾಡಲ್ಲಿ ಮಂಗಟ್ಟೆ ಹಕ್ಕಿ ಆರಾಮಾಗಿ ತಿಂದು ಹಾರಿಹೋಗತ್ತೆ.

ಹಾಗಾಗಿ ನಿಮ್ಮ ಬಳ್ಳಿಯ ಎಲೆ ಮೂರು ಆದ್ರೆ ಗಾಯ ಕೂಡತ್ತೆ, ನಾಲ್ಕು ಆದ್ರೆ ಮಾಂಸ ಬೆಳೆಯೋದು ನಿಲ್ಲೋದೇ ಇಲ್ಲ. ಗಾಯ ಮುಚ್ಚಿದ ಮೇಲೂ ಬೆಳೀತಾ ಹೋಗತ್ತೆ. ಅದನ್ನ ಅಳೆಯೋದು ಕೈ, ತಕ್ಕಡಿ ಅಲ್ಲ.


ಮಂಜಿನಹನಿ (ಶಿರಸಿ):

ನಂಗೆ ಒಂದು ಭಿನ್ನಾಭಿಪ್ರಾಯ ಇದೆ, ಬೇಜಾರು ಮಾಡ್ಕೋಬೇಡಿ. ಅಣಬೆ, ಪ್ರಮಾಣ, ಗಂಡು ಹೆಣ್ಣು ಅಂತ ಎಲ್ಲಾ ಬಿಡಿಸಿ ಹೇಳಿದ್ರೆ ಅದು ಮಾಯ ಹೇಗಾಗತ್ತೆ? ಸಣ್ಣವಳಿದ್ದಾಗ ಯಕ್ಷಗಾನದಲ್ಲಿ ಹನುಮಂತ ಸಂಜೀವಿನಿ ತರೋದು ನೋಡಿ ನಾನು ಅತ್ತಿದ್ದೆ, ಅದರ ವಿಜ್ಞಾನ ಯಾರೂ ಹೇಳ್ಲಿಲ್ಲ. ಓದುವವರಿಗೆ ಬೆರಗು ಉಳೀಬೇಕು.


ಕಾನಕ್ಕ (ಸಿದ್ದಾಪುರ):

ಇಲ್ಲ ತಂಗಿ, ಬೇಜಾರು ಎಂತಕ್ಕೆ, ಸರಿಯಾದ ಪ್ರಶ್ನೆನೇ ಅದು. ಆದ್ರೆ ಸಂಜೀವಿನಿ ಕಥೆನೇ ನೋಡು. ವಾಲ್ಮೀಕಿ ಅಲ್ಲಿ ಒಂದೇ ಮದ್ದು ಹೇಳಿಲ್ಲ, ನಾಲ್ಕು ಹೇಳಿದಾನೆ. ಮೃತಸಂಜೀವನಿ ಜೀವ ತರೋದಕ್ಕೆ, ವಿಶಲ್ಯಕರಣಿ ನಾಟಿದ ಬಾಣ ಹೊರಗೆ ಬರೋದಕ್ಕೆ, ಸಂಧಾನಕರಣಿ ಮುರಿದದ್ದು ಕೂಡೋದಕ್ಕೆ, ಸಾವರ್ಣ್ಯಕರಣಿ ಗಾಯದ ಕಲೆ ಹೋಗಿ ಮೈಬಣ್ಣ ಮೊದಲಿನ ಹಾಗೆ ಆಗೋದಕ್ಕೆ. ಎಷ್ಟು ಲೆಕ್ಕಾಚಾರ ನೋಡು, ಯುದ್ಧ ಕಂಡವರ ಲೆಕ್ಕಾಚಾರ ಅದು. ಜಾಂಬವಂತ ಗುರುತು ಹೇಳಿ ಕಳಿಸಿದಾನೆ, ಹನುಮಂತ ಹೋದ್ರೆ ಮೂಲಿಕೆಗಳು ಯಾರೋ ನಮ್ಮನ್ನ ಒಯ್ಯೋಕೆ ಬಂದ್ರು ಅಂತ ಕಣ್ಮರೆ ಆಗ್ತಾವೆ, ಅದಕ್ಕೇ ಶಿಖರನೇ ಕಿತ್ತು ತರೋದು. ಕಡಲು ಹಾರಿದವನಿಗೂ ಗಿಡ ಕಾಣಲಿಲ್ಲ. ಇಷ್ಟೆಲ್ಲಾ ವಿವರ ಇದ್ದೂ ನೀ ಅತ್ತಿದೀಯಲ್ಲ?

ವಿವರ ಎಲ್ಲಾ ಓದುವವರಿಗೆ ಹೇಳಬೇಕು ಅಂತಿಲ್ಲ, ಅದು ಒಪ್ಪುತ್ತೇನೆ. ಬರೆಯೋನಿಗೆ ಗೊತ್ತಿದ್ರೆ ಸಾಕು. ಕಥೆ ಒಳಗೆ ಗೊತ್ತಿರೋ ಒಂದು ಮುದುಕಿ ಇದ್ರೆ ಇನ್ನೂ ಒಳ್ಳೇದು. ಅಂಕೋಲೆ ಹೊನ್ನಳ್ಳಿಯ ತುಳಸಿ ಗೌಡರನ್ನ ನೆನೆಸ್ಕೋ, ಶಾಲೆ ಮೆಟ್ಟಿಲು ಹತ್ತಿದವರಲ್ಲ, ಸಣ್ಣ ವಯಸ್ಸಿಗೇ ನರ್ಸರಿ ಕೂಲಿಗೆ ಹೋದವರು. ಕಾಡಲ್ಲಿ ಬೀಜಕ್ಕೆ ಯಾವುದು ತಾಯಿಮರ, ಬೀಜ ಯಾವಾಗ ಆರಿಸಬೇಕು, ಎಲ್ಲಾ ಅವರ ಕಣ್ಣಲ್ಲಿತ್ತು. ಪದ್ಮಶ್ರೀ ತಗೊಳ್ಳೋಕೆ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋದ್ರು. 2024ರ ಡಿಸೆಂಬರಲ್ಲಿ ತೀರಿಕೊಂಡಾಗ ನಂಗೆ ಅನಿಸಿದ್ದು ಒಂದು ಕಾಡಿನ ದಾರಿ ಮುಚ್ಚಿತು ಅಂತ. ತಮ್ಮಾ, ನಿನ್ನ ಕಥೆಲಿ ಅಂಥ ಕಣ್ಣು ಯಾರಿಗಿದೆ?


ಬೇಣದಮನೆ (ಶಿರಸಿ):

ನಿಮಗೆಲ್ಲಾ ಹೇಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ. ನಿನ್ನೆ ರಾತ್ರಿ ಮೂರು ಗಂಟೆವರೆಗೆ ಕೂತು ಹನ್ನೊಂದನೇ ಅಧ್ಯಾಯ ಮೊದಲಿಂದ ಬರೆದೆ. ಮಂಜಿನಹನಿಯವರ ಮಾತು ಮನಸ್ಸಲ್ಲಿಟ್ಟುಕೊಂಡು ಅಣಬೆ ಅನ್ನೋ ಪದ ಎಲ್ಲೂ ತರಲಿಲ್ಲ. ಕುಮಟಾದ ಅಣ್ಣ ಹೇಳಿದ ಮೂರು ಹೆಸರು ಇಟ್ಟೆ, ಕಾಡಿನ ಜನರ ಹೆಸರು ಕರೆಹಂಬು, ಯಾಕಂದ್ರೆ ಕೊಯ್ಯುವಾಗ ರೋಗಿಯ ಹೆಸರು ಬಳ್ಳಿಗೆ ಕೇಳೋ ಹಾಗೆ ಕರೀಬೇಕು. ಅಂಥ ಕಣ್ಣಿರೋ ಮುದುಕಿಯ ಹೆಸರು ಮುರುಗಲಜ್ಜಿ. ಒಂದು ತುಂಡು ಇಲ್ಲಿ ಹಾಕ್ತೀನಿ, ತಪ್ಪಿದ್ರೆ ಹೇಳಿ:

"ಮೂರನೇ ಹೊಳೆ ದಾಟುವಾಗ ಮತ್ತಿ ಮಾತು ನಿಲ್ಲಿಸಿದ. ಹೊನ್ನೆ ಕಂಬಳಿಯ ಜೋಲಿಯ ಗಂಟನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿದಳು. ಜಡ್ಡಿಯ ಅಂಚಿಗೆ ಬಂದಾಗ ಬೆಳಕಿರಲಿಲ್ಲ. ಮಂಡಿಯೂರಿದ ಬೇರುಗಳ ನಡುವೆ ಬಳ್ಳಿ ಇತ್ತು, ಎಲೆ ಇತ್ತು, ಎಲ್ಲ ಹಸಿರಾಗಿಯೇ ಇತ್ತು. ಬೆಳ್ಳಿಹುರಿಯವರು ಬಂದುಹೋದ ಗಾಡಿಯ ಚಕ್ರದ ಗುರುತಿನಲ್ಲಿ ಮಳೆನೀರು ನಿಂತಿತ್ತು. ಮುರುಗಲಜ್ಜಿ ಕೆಸರಿನಲ್ಲಿ ಕೂತು ಒಂದೊಂದೇ ಎಲೆಯ ಬೆನ್ನು ಸವರಿದಳು, ಕುರುಡರು ಮುಖ ಸವರುವ ಹಾಗೆ. ಬಹಳ ಹೊತ್ತಾದ ಮೇಲೆ ಅವಳ ಕೈ ಒಂದು ಕಡೆ ನಿಂತಿತು. ಒಂದು ಗೇಣು ಉದ್ದ, ಅಷ್ಟೇ, ಮಿಂಚುಹುಳ ಸತ್ತ ಮೇಲೆ ಉಳಿಯುವಷ್ಟು ಬೆಳಕು. ಮೂರು ಎಲೆ ಇದೆ, ಹೂವಿಲ್ಲ, ಹೆಣ್ಣೋ ಗಂಡೋ ನಾಳೆ ಹೇಳ್ತೀನಿ ಎಂದಳು ಅಜ್ಜಿ. ಈಗ ಅವನ ಹೆಸರು ಕರಿ."

ಇಲ್ಲಿಗೆ ಅಧ್ಯಾಯ ನಿಲ್ಲಿಸಿದೀನಿ. ದೋಸ್ತನಿಗೆ ಬೆಳಿಗ್ಗೆ ಕಳಿಸಿದ್ದೆ. ಮಧ್ಯಾಹ್ನ ಫೋನ್ ಮಾಡಿ ಮೊದಲು ಕೇಳಿದ್ದೇ "ಮತ್ತಿ ಬದುಕ್ತಾನಾ?" ಅಂತ.


ಉಪ್ಪಗೆಅಟ್ಟ (ಯಲ್ಲಾಪುರ):

ಗಾಡಿ ಚಕ್ರದ ಗುರುತಲ್ಲಿ ನಿಂತ ನೀರು. ನಂಗೆ ನಮ್ಮೂರ ಬೆಟ್ಟದ ದಾರಿ ಕಂಡ ಹಾಗಾಯ್ತು.


ಕಾನಕ್ಕ (ಸಿದ್ದಾಪುರ):

ತಮ್ಮಾ, ಬಹಳ ಚಂದ ಬಂದಿದೆ. ಒಂದೇ ಒಂದು ಸರಿ ಮಾಡು. ಜಡ್ಡಿ ಒಳಗೆ ಗಾಡಿ ಹೋಗಲ್ಲ, ಚಕ್ರ ಅಚ್ಚಿನವರೆಗೆ ಹುಗಿದುಹೋಗತ್ತೆ. ಗಾಡಿನ ಅಂಚಿನ ಗಟ್ಟಿ ನೆಲದಲ್ಲೇ ನಿಲ್ಲಿಸು, ಅಲ್ಲಿಂದ ಒಳಗೆ ತಲೆಹೊರೆ ಹೊತ್ತವರ ಹೆಜ್ಜೆ ಗುರುತು ಇರಲಿ. ಮತ್ತೆ ಅಜ್ಜಿ ಎಲೆ ಚಿವುಟೋದನ್ನ ನೀ ಬರ್ದೇ ಇಲ್ಲ, ಹೆಸರು ಕರೀ ಅಂದಲ್ಲಿಗೇ ಬಿಟ್ಟಿದೀಯ. ಹನ್ನೆರಡನೇ ಅಧ್ಯಾಯ ಅಲ್ಲಿಂದ ಶುರು ಮಾಡು, ನಿಮ್ಮ ಅಮ್ಮಮ್ಮನ ಹೆಬ್ಬೆರಳ ಉಗುರಿಂದ.


ಬೇಣದಮನೆ (ಶಿರಸಿ):

ಗಾಡಿ ಈಗಲೇ ಹೊರಗೆ ನಿಲ್ಲಿಸಿದೆ ಅಕ್ಕಾ. ಹನ್ನೆರಡಕ್ಕೆ ಕೂರ್ತಾ ಇದೀನಿ.